ಸಂಜೆ ತರಗತಿಗೆ ಯಾವುದು ಸರಿ: ತರ್ಕದ ಪಾಠವೋ, ಊರಿನ ಸುದ್ದಿಯೋ?

ಗಂಗಾವತಿ ಕಡೆ ದೊಡ್ಡವರಿಗೆ ಯೋಚಿಸಿ ನೋಡುವುದನ್ನು ಕಲಿಸಬೇಕೆಂದಿದ್ದರೆ ಎರಡು ದಾರಿಗಳಿವೆ. ಒಂದು, ತರ್ಕದ ನಿಯಮಗಳನ್ನು ಮೊದಲು ಹೇಳಿಕೊಡುವುದು. ಇನ್ನೊಂದು, ಅವರ ಮೊಬೈಲಿಗೆ ಬಂದ ಸುದ್ದಿಯಿಂದಲೇ ಶುರು ಮಾಡುವುದು.

ನಾನು ಎರಡನೆಯದನ್ನೇ ಆರಿಸುತ್ತೇನೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಅದನ್ನು ಬೋರ್ಡ್ ಮೇಲೆ ಬರೆಯಿರಿ. ಪಕ್ಕದಲ್ಲಿ 'ಡ್ಯಾಂ ಒಡೆಯಿತು' ಅಂತ ಬರೆಯಿರಿ. ಎರಡೂ ಒಂದೇನಾ? ಹೇಳಿದವರು ಯಾರು? ಕಣ್ಣಾರೆ ನೋಡಿದ್ದಾರಾ, ಯಾರೋ ಹೇಳಿದ್ದು ಕೇಳಿದ್ದಾರಾ? ಕಾಲುವೆ ನೀರು ನಂಬಿ ಭತ್ತ ಬೆಳೆಯುವವರು ಇಂಥ ಪ್ರಶ್ನೆಗೆ ಸುಮ್ನೆ ಕೂರುವುದಿಲ್ಲ. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೊ ಫ್ರೇರೆ 1963ರಲ್ಲಿ ಕೂಲಿಕಾರರಿಗೆ ಅಕ್ಷರ ಕಲಿಸಿದ್ದೂ ಅವರ ದಿನನಿತ್ಯದ ಮಾತುಗಳಿಂದಲೇ.

ನಿಯಮದ ಪಾಠ ಬೇಗ ಮುಗಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಹುಡುಗರಿಗೆ ಅದೇ ಹಿಡಿಸಬಹುದು. ಆದರೆ ದಿನವಿಡೀ ನಾಟಿ ಮಾಡಿ ಬಂದ ಅಕ್ಕನಿಗೆ ಮತ್ತೆ ಶಾಲೆಯ ಬೆಂಚಿನ ಮೇಲೆ ಕೂರಿಸಿದಂತೆ ಅನ್ನಿಸುತ್ತದೆ, ಅಲ್ವಾ?

ಚರ್ಚೆಗೆ ಸಮಯ ಜಾಸ್ತಿ ಬೇಕು. ಜೋರು ದನಿಯವರೇ ಮಾತಾಡಿಬಿಡುವ ಅಪಾಯವೂ ಇದೆ. ಹಾಗಾಗಿ ಒಂದು ಗುಂಪಿಗೆ ಹತ್ತು ಹನ್ನೆರಡು ಜನ ಸಾಕು. ಮೊದಲ ಮಾತು ಹಿಂದೆ ಕೂತ ಹೆಂಗಸರಿಗೆ ಕೊಡಿ.