ಸುರಂಗದ ನೊರೆಮಣ್ಣಿಗೆ ಸುಣ್ಣವೋ, ಗಾಳಿಯೋ?

ಇಪಿಬಿ ಯಂತ್ರ (ಅಗೆದ ಮಣ್ಣಿನ ಒತ್ತಡದಿಂದಲೇ ಎದುರಿನ ನೆಲ ಕುಸಿಯದಂತೆ ತಡೆಯುವ ಯಂತ್ರ) ಸುರಂಗ ಕೊರೆಯುವಾಗ, ಜಿಗುಟು ಮಣ್ಣು ಅದರ ಮುಂದೆ ತಿರುಗುವ ಕಟರ್‌ಹೆಡ್ಡಿಗೆ ಮೆತ್ತಿಕೊಳ್ಳದೆ ಸರಾಗವಾಗಿ ಹೊರಬರಲೆಂದು ಮಣ್ಣಿಗೆ ನೊರೆ ಬೆರೆಸುತ್ತಾರೆ. ಆ ನೊರೆಯ ಮುಖ್ಯ ದ್ರವ್ಯ ಸಾಮಾನ್ಯವಾಗಿ ಶಾಂಪೂವಿನಲ್ಲಿಯೂ ಇರುವ ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್. ಬಚ್ಚಲಿಗೆ ಪರಿಚಿತವಾದ ಮಾತ್ರಕ್ಕೆ ಅದು ಕೆರೆಗೆ ನಿರಪಾಯವಲ್ಲ; ಮೀನಿಗೂ ನೀರಿನ ಹುಳುಗಳಿಗೂ ಅದು ವಿಷ. ಬೆಂಗಳೂರಿನ ಒಂದು ಕಾಮಗಾರಿಯ ಇಂಥ ಮಣ್ಣನ್ನು ಮರುಬಳಕೆಗೆ ಒಗ್ಗಿಸುವ ಎರಡು ದಾರಿಗಳನ್ನು ನಾನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದೆ.

ಮೊದಲನೆಯದು ಸುಟ್ಟ ಸುಣ್ಣ. ಬೆರೆಸಿದ ಕೂಡಲೇ ಬಿಸಿಯೇರಿ ಮಣ್ಣಿನ ನೀರು ಆವಿಯಾಗುತ್ತದೆ. ಬೆಳಿಗ್ಗೆ ಅಂಬಲಿಯಂತಿದ್ದ ಮಣ್ಣು ಸಂಜೆಗೆ ಪುಡಿಪುಡಿಯಾಗಿ, ಲಾರಿಗೆ ತುಂಬುವಷ್ಟು ಗಟ್ಟಿಯಾಯಿತು. ರಸ್ತೆಯ ಏರಿಗೆ ಇದಕ್ಕಿಂತ ಅನುಕೂಲವಾದ ಮಣ್ಣು ಬೇಕಿಲ್ಲ. ಆದರೆ ಅದರ ಪಿಎಚ್ 12ನ್ನು ದಾಟಿತ್ತು, ಬಿತ್ತಿದ ರಾಗಿ ಮೊಳೆಯಲೇ ಇಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ: ಅಷ್ಟು ಕ್ಷಾರದಲ್ಲಿ ನೊರೆದ್ರವ್ಯವನ್ನು ತಿಂದು ಮುಗಿಸಬೇಕಾದ ಸೂಕ್ಷ್ಮಜೀವಿಗಳೇ ಸೊರಗುತ್ತವೆ, ಹಾಗಾಗಿ ಒಣಗಿದ ಮಣ್ಣನ್ನು ಶುದ್ಧವಾದ ಮಣ್ಣೆಂದು ತಿಳಿಯುವಂತಿಲ್ಲ.

ಎರಡನೆಯದು ಗಾಳಿಗೆ ಹರಡುವುದು. ಒಂದು ಪಾಲನ್ನು ಗೇಣು ದಪ್ಪಕ್ಕೆ ಹರಡಿ ಎರಡು ದಿನಕ್ಕೊಮ್ಮೆ ಮಗುಚಿದೆ. ಇನ್ನೊಂದನ್ನು ಆಳೆತ್ತರದ ಗುಪ್ಪೆಯಾಗಿಯೇ ಬಿಟ್ಟೆ. ಮೂರು ವಾರದ ನಂತರ ಹರಡಿದ ಮಣ್ಣನ್ನು ಸೀಸೆಯ ನೀರಿನಲ್ಲಿ ಕುಲುಕಿದರೆ ನೊರೆ ನಿಲ್ಲಲಿಲ್ಲ. ಗುಪ್ಪೆಯ ಮೇಲ್ಮೈ ಕೆಂಪಗೆ ಒಣಗಿತ್ತಾದರೂ, ಹಾರೆಯಿಂದ ಬಗೆದಾಗ ಒಳಗಿನ ಮಣ್ಣು ಬೂದುಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು, ಕುಲುಕಿದರೆ ನೊರೆಯೂ ಎದ್ದಿತು. ದಿನ ಎಣಿಸಿದರೆ ಸಾಲದು, ಗಾಳಿ ಒಳಹೊಕ್ಕಿದೆಯೇ ಎಂದು ನೋಡಬೇಕು. (ಸೀಸೆಯ ಪರೀಕ್ಷೆ ಅಂದಾಜಿಗೆ ಮಾತ್ರ, ಕೆರೆಯ ಬಳಿ ಹಾಕುವ ಮಣ್ಣಿಗೆ ಪ್ರಯೋಗಾಲಯದಲ್ಲಿ, ಉಳಿದ ನೊರೆದ್ರವ್ಯವನ್ನು ಅಳೆಯುವ ಮೆಥಿಲೀನ್ ಬ್ಲೂ ಪರೀಕ್ಷೆ ಮಾಡಿಸಲೇಬೇಕು.) ಹರಡಿದ ಮಣ್ಣಿನಲ್ಲಿ ರಾಗಿ ಮೊಳೆತರೂ ಬಡಕಲಾಗಿತ್ತು, ಆಳದ ಮಣ್ಣಿನಲ್ಲಿ ಸಾರವೆಲ್ಲಿಂದ ಬರಬೇಕು? ಕೊಟ್ಟಿಗೆ ಗೊಬ್ಬರ ಬೆರೆಸಿದ ಮೇಲೆ ಚೇತರಿಸಿಕೊಂಡಿತು.

ನೊರೆಯ ಬದಲು ಜೇಡಿಯ ರಾಡಿ ಬಳಸಿ ಸುರಂಗ ಕೊರೆಯುವ ಸ್ಲರಿ ಯಂತ್ರದ, ಬೆಂಟೊನೈಟ್ ಎಂಬ ಜೇಡಿ ಬೆರೆತ ಹೆಂಟೆಯನ್ನೂ ತಂದು ನೋಡಿದೆ. ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ. ರಸ್ತೆಯಡಿಗೆ ಬೇಡವೇ ಬೇಡ, ಕೃಷಿಹೊಂಡದ ತಳಕ್ಕೆ ಮೆತ್ತಲು ಪರವಾಗಿಲ್ಲ.

ಉದ್ಯಾನಕ್ಕಾದರೆ ನನ್ನ ಆಯ್ಕೆ ಗಾಳಿಯೇ. ತೊಡಕಿರುವುದು ಜಾಗದಲ್ಲಿ: ಸಾವಿರ ಘನಮೀಟರ್ ಮಣ್ಣನ್ನು ಗೇಣು ದಪ್ಪಕ್ಕೆ ಹರಡಲು ಒಂದು ಎಕರೆಗೂ ಹೆಚ್ಚು ನೆಲ ಬೇಕು, ಮಳೆನೀರು ಚರಂಡಿಗೆ ಹರಿಯದಂತೆ ಸುತ್ತಲೂ ಬದು ಕಟ್ಟಬೇಕು. ನಗರದೊಳಗೆ ಅಷ್ಟು ನೆಲ ಸಿಗದೆ ಗುತ್ತಿಗೆದಾರರು ಸುಣ್ಣಕ್ಕೆ ಮೊರೆಹೋದರೆ ಅವರನ್ನು ಪೂರ್ತಿ ದೂರಲಾರೆ. ಆದರೆ ರಸ್ತೆಯ ಏರಿಗೆ ಹೋಗುವ ಮಣ್ಣನ್ನೂ ಮೊದಲು ಕೆಲವು ವಾರ ಗಾಳಿಗೆ ಮಗುಚಿ, ನೊರೆ ಇಳಿದ ಮೇಲೆಯೇ ಸುಣ್ಣ ಹಾಕಬೇಕು. ಈ ಕ್ರಮವನ್ನು ಹಿಂದುಮುಂದು ಮಾಡಬಾರದು.