ಕಾಲು ನೋವಿಗೆ ಮಷಿನ್ ಹಿಡಿಸುವ ಮೊದಲು ಪಾದ ಮುಟ್ಟಿ ನೋಡಿದರಾ?

ಮೀನಖಂಡ ನೋವು ಅಂತ ಮನೆಯ ಹಿರಿಯರನ್ನು ಫಿಸಿಯೋಥೆರಪಿಗೆ ಕರೆದೊಯ್ಯುತ್ತಿರುವವರು ಇದನ್ನು ಓದಿ. ನಾವು ಐದು ತಿಂಗಳು ಕಳೆದುಕೊಂಡೆವು.

ಅಪ್ಪನಿಗೆ 66. ಶಿರಸಿ ಹತ್ತಿರ ಅಡಿಕೆ ತೋಟ. ತೋಟದಿಂದ ಮನೆಗೆ ಏರು ಹತ್ತುವಾಗ ಬಲಗಾಲಿನ ಮೀನಖಂಡ ಹಿಂಡಿದ ಹಾಗೆ ನೋವು. ದಿನಾ ಅದೇ ಹಲಸಿನ ಮರದ ಹತ್ತಿರ ನಿಲ್ಲುತ್ತಿದ್ದರು. ಎರಡು ನಿಮಿಷ ನಿಂತರೆ ನೋವು ಮಾಯ. ಕವಳ (ಎಲೆಅಡಿಕೆ) ಹಾಕಲಿಕ್ಕೆ ನೆವ ಅಂತ ನಾವೆಲ್ಲ ನಗುತ್ತಿದ್ದೆವು.

ಬೆನ್ನಿನ ಎಂಆರ್‌ಐ ಮಾಡಿಸಿದಾಗ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಆ ವಯಸ್ಸಿನಲ್ಲಿ ನೋವಿಲ್ಲದವರಿಗೂ ಹಾಗೆ ಬರುತ್ತದಂತೆ, ನಮಗೇನು ಗೊತ್ತು? ಫಿಸಿಯೋ ಸೆಂಟರಿನವರು ರಿಪೋರ್ಟ್ ನೋಡಿ 'ಸಯಾಟಿಕಾ' (ಬೆನ್ನಿನಲ್ಲಿ ನರ ಒತ್ತಿ ಕಾಲಿಗಿಳಿಯುವ ನೋವು) ಅಂದರು. ಪಂಚೆ ಎತ್ತಿ ಕಾಲು ನೋಡಲಿಲ್ಲ. ವಾರಕ್ಕೆ ಮೂರು ಸಲ ಟ್ರಾಕ್ಷನ್ (ಬೆನ್ನು ಎಳೆಯುವುದು), ಕರೆಂಟ್, ಮೀನಖಂಡಕ್ಕೆ ಹಾಟ್ ಪ್ಯಾಕ್. ಶುಗರ್ ಇದೆಯಾ, ಬೀಡಿ ಸೇದುತ್ತೀರಾ ಅಂತ ಕೇಳಲಿಲ್ಲ. ಎರಡೂ ಇತ್ತು. ನಾವೂ ಹೇಳಲಿಲ್ಲ, ಅದು ನಮ್ಮ ತಪ್ಪು.

ಒಂದು ದಿನ ಹಾಟ್ ಪ್ಯಾಕ್ ಇಟ್ಟಲ್ಲಿ ಗುಳ್ಳೆ ಎದ್ದಿತು. ಸುಟ್ಟಿದ್ದೇ ಅಪ್ಪನಿಗೆ ತಿಳಿದಿರಲಿಲ್ಲ. ಗಾಯ ತಿಂಗಳಾದರೂ ಒಣಗಲಿಲ್ಲ. ಡ್ರೆಸ್ಸಿಂಗಿಗೆ ಹೋದಾಗ ಊರಿನ ಹಳೆ ಡಾಕ್ಟರು ಪಾದದ ಮೇಲೆ, ಆಮೇಲೆ ಹರಡಿನ (ಪಾದದ ಗಂಟಿನ) ಹಿಂದೆ ಬೆರಳಿಟ್ಟು ನೋಡಿದರು. "ನಾಡಿನೇ ಸಿಗ್ತಾ ಇಲ್ವಲ್ಲ ಮಾರಾಯ್ರೆ" ಅಂದರು.

ಹುಬ್ಬಳ್ಳಿಗೆ ಓಡಿದೆವು. ತೋಳಿನ ಬಿಪಿ 140, ಹರಡಿನದು 84. ಹರಡಿನದನ್ನು ತೋಳಿನದರಿಂದ ಭಾಗಿಸಿದರೆ 0.6. ಇದು 0.9ಕ್ಕಿಂತ ಕೆಳಗಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಅಥವಾ ಕಟ್ಟಿದೆ ಎಂದು ಲೆಕ್ಕ. (ಶುಗರ್ ಇದ್ದವರಲ್ಲಿ ನಾಳ ಗಡುಸಾಗಿ ಈ ಸಂಖ್ಯೆ ಸರಿಯಿದ್ದ ಹಾಗೆ ಕಾಣುವುದೂ ಉಂಟು.) ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿದರೆ ತೊಡೆಯ ನಾಳವೇ ಕಟ್ಟಿತ್ತು. ನಾಳ ತೆರೆದಿಡುವ ಸ್ಟೆಂಟ್ ಹಾಕಿದರು.

ಬೆನ್ನುಮೂಳೆಯೊಳಗಿನ ಜಾಗ ಕಿರಿದಾಗಿ ನರ ಒತ್ತಿ, ನಡೆವಾಗ ಬರುವ ನೋವಾದರೆ ಕೂತಾಗ, ಮುಂದೆ ಬಾಗಿದಾಗ ಹಗುರವಾಗುತ್ತದಂತೆ. ರಕ್ತ ಸಾಲದೆ ಬರುವ ನೋವಿಗೆ ಸುಮ್ನೆ ನಿಂತರೂ ಸಾಕು. ಹಲಸಿನ ಮರದ ಕತೆ ಕೇಳಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತು, ಅಲ್ವಾ?

ಹಾಗಾಗಿ ನೋವು ಎಲ್ಲಿ ಶುರು, ಹೇಗೆ ನಿಲ್ಲುತ್ತದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಎರಡೂ ಪಾದದ ನಾಡಿ ನೋಡಿ ಅಂತ ಕೇಳಿ, ನಾಚಿಕೆ ಬೇಡ. ಅದಾಗುವ ತನಕ ಬಿಸಿಯೂ ಬೇಡ, ಬಿಗಿ ಸ್ಟಾಕಿಂಗ್ಸೂ ಬೇಡ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿದರೆ ತಿಕ್ಕಿಸಲು ಹೋಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಫಿಸಿಯೋಥೆರಪಿಯೇ ಕೆಟ್ಟದ್ದು ಅಂತಲ್ಲ. ಈಗ ಬೇರೊಬ್ಬರು ಅಪ್ಪನನ್ನು ನಡೆಸುತ್ತಿದ್ದಾರೆ. ನೋವು ಬರುವ ತನಕ ನಡಿಗೆ, ನಿಲ್ಲುವುದು, ಮತ್ತೆ ನಡಿಗೆ. ಹಲಸಿನ ಮರ ದಾಟಿ ದಣಪೆವರೆಗೆ (ಬೇಲಿಯ ಬಾಗಿಲವರೆಗೆ) ನಿಲ್ಲದೆ ಬರುತ್ತಾರೆ. ಬೀಡಿ ಬಿಟ್ಟಿದ್ದೇನೆ ಅನ್ನುತ್ತಾರೆ. ಕೊಟ್ಟಿಗೆ ಹಿಂದೆ ಮಾತ್ರ ಇನ್ನೂ ವಾಸನೆ ಬರುತ್ತದೆ.