ಬಾಣಕ್ಕೆ ಸನ್‌ಮೈಕಾ: ಎರಡು ಬೇಸಿಗೆ ಹೊಡೆದ ಮೇಲೆ

ಅಪ್ಪ ಸಾಗರದಲ್ಲಿ ಮರಗೆಲಸ ಮಾಡ್ತಿದ್ದರು. ಯಾರ ಮನೆಗೆ ಹೋದರೂ ಸನ್‌ಮೈಕಾ ಹೊಡೆದ ಟೇಬಲ್ ಕಂಡ್ರೆ ಮೊದಲು ಅಂಚಿಗೆ ಉಗುರು ಹಾಕಿ ನೋಡೋರು. "ನಡುವೆ ಎಲ್ಲಾದೂ ಚೆಂದಾನೇ ಇರ್ತದೆ, ಏಳೋದು ಅಂಚಲ್ಲಿ" ಅನ್ನೋರು. ಮರದ ಎಳೆಯ ಚಿತ್ರ ಹೊದಿಸಿದ ಕಾರ್ಬನ್ ಬಾಣಗಳ ಬಗ್ಗೆ ನಾನು ಬರೆಯಬೇಕಾದ್ದರಲ್ಲಿ ಅರ್ಧ ಅಲ್ಲೇ ಮುಗೀತು.

ನಾನಿರೋದು ಮಿಶಿಗನ್‌ನಲ್ಲಿ. ಇಲ್ಲಿ ಹಳೇ ಕಾಲದ ಬಿಲ್ಲು ಹಿಡಿಯೋರಿಗೆ ಫ್ರೆಡ್ ಬೇರ್ ಅಂದ್ರೆ ಮನೆದೇವ್ರು ಇದ್ದ ಹಾಗೆ. ಅವರ ಬಿಲ್ಲು ಕಾರ್ಖಾನೆ 1947ರಿಂದ 1978ರವರೆಗೆ ಇದೇ ರಾಜ್ಯದ ಗ್ರೇಲಿಂಗ್‌ನಲ್ಲಿತ್ತು. ಆ ಕಾಲದ್ದೊಂದು ಬೇರ್ ಗ್ರಿಜ್ಲಿ ಬಿಲ್ಲು, ಎಳೆಯೋಕೆ 45 ಪೌಂಡ್ ಬಲ ಬೇಕಾದ್ದು, ಗರಾಜ್ ಸೇಲ್‌ನಲ್ಲಿ ನನಗೆ ಸಿಕ್ಕಿತು. ಹಿಡಿಯಲ್ಲಿ ಕರಡಿ ಮುದ್ರೆಯ ಪುಟ್ಟ ನಾಣ್ಯ ಕೂರಿಸಿದ್ದಾರೆ, ಮರ ಎಣ್ಣೆ ಹಚ್ಚಿದ ಬೀಟೆ ಹಾಗೆ ಹೊಳೀತದೆ. ಅಂಥದ್ದಕ್ಕೆ ಕರ್‍ರಗಿನ ಕಾರ್ಬನ್ ಬಾಣ ಹೂಡಿದ್ರೆ ಪಂಚೆ ಮೇಲೆ ಟೈ ಕಟ್ಟಿದಂಗೆ. ನಿಜವಾದ ಮರದ ಬಾಣ ಚೆಂದವೇ. ಪೋರ್ಟ್ ಆರ್ಫರ್ಡ್ ಸೀಡರ್ ಮುರಿದ್ರೂ ಘಮ್ ಅಂತದೆ. ಆದ್ರೆ ಒಂದೊಂದನ್ನೂ ತೂಗಿ, ಸೊಟ್ಟ ತಿದ್ದಿ, ಜೋಡಿ ಕೂಡಿಸೋ ತಾಳ್ಮೆ ನಂಗಿಲ್ಲ. ಹಾಗಾಗಿ ಈ ವೇಷದ ಬಾಣ ತಗೊಂಡೆ.

ಕಂಪನಿ ಹೆಸರು ಬೇಡ. ಆರು ಬಾಣಕ್ಕೆ 70 ಡಾಲರ್ ಕೊಟ್ಟೆ, ಸಾದಾ ಕರಿಯವಾಗಿದ್ರೆ 15 ಡಾಲರ್ ಉಳೀತಿತ್ತು. ಸ್ಪೈನ್ 500. ಅಂದ್ರೆ 28 ಇಂಚು ದೂರದ ಎರಡು ಆಸರೆ ಮೇಲೆ ಬಾಣದ ಕೊಳವೆ ಇಟ್ಟು, ನಡುವೆ 1.94 ಪೌಂಡ್ ತೂಗುಬಿಟ್ರೆ ಅರ್ಧ ಇಂಚು ಬಾಗ್ತದೆ. ಹೊರಗೆ ತೇಗದ ಚಿತ್ರ ಇರಲಿ ಹಲಸಿನದಿರಲಿ, ಬಾಣ ಹಾರೋದು ಈ ಲೆಕ್ಕದ ಮೇಲೆ. ಇನ್ನೊಂದು ಮಾತು: ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ಸಂಸ್ಥೆ ವರ್ಲ್ಡ್ ಆರ್ಚರಿ ಕಾಡುಮೇಡಲ್ಲಿ ನಡೆಸೋ ಫೀಲ್ಡ್, 3ಡಿ (ಪ್ರಾಣಿ ಬೊಂಬೆಗೆ ಹೊಡೆಯೋ) ಸ್ಪರ್ಧೆಗಳ ಲಾಂಗ್‌ಬೋ (ಉದ್ದ ಸಾದಾ ಬಿಲ್ಲು) ವಿಭಾಗಕ್ಕೆ ಮರದ ಬಾಣವೇ ಆಗಬೇಕು. ಈ ವೇಷ ಅಲ್ಲಿ ನಡೆಯಲ್ಲ.

ಮೊದಲು ಸವೆದದ್ದು ಮೊನೆಯಿಂದ ಒಂದು ಗೇಣು. ನಮ್ಮ ಕ್ಲಬ್ಬಿನ ಕಾಡಲ್ಲಿ ಫೋಮಿನ ಜಿಂಕೆ, ಕರಡಿ ನಿಲ್ಲಿಸಿರ್ತಾರೆ. ಬಾಣ ಒಳಗೆ ಹೊಕ್ಕ ವೇಗಕ್ಕೆ ಫೋಮ್ ಬಿಸಿಯಾಗಿ ಕರಗಿ ಕೊಳವೆಗೆ ಅಂಟಿಕೊಳ್ತದೆ. ಹೊಡೆಯೋದಕ್ಕಿಂತ ಕೀಳೋದೇ ಕಷ್ಟ. ಮೇಲಿನ ಪಾರದರ್ಶಕ ವಾರ್ನಿಶ್ ಮೊದಲ ಬೇಸಿಗೆಗೇ ಮಂಕಾಯ್ತು, ಎರಡನೇದಕ್ಕೆ ತಿಳಿ ಕಂದು ಗೆರೆಗಳು ಹೋಗಿ ದಟ್ಟ ಗೆರೆಗಳಷ್ಟೇ ಉಳಿದವು. ಹಳೇ ಬಸ್ ಸೀಟಿನ ಬೆನ್ನು ಸವೆದಂಗೆ. ಒಂದು ಬಾಣ ಇನ್ನೊಂದರ ಪಕ್ಕ ಉಜ್ಜಿಕೊಂಡು ಹೊಕ್ಕ ಕಡೆ ಮಾತ್ರ ಕರಿ ಗೀರು. ಇಷ್ಟಕ್ಕೆಲ್ಲ ನನ್ನ ತಕರಾರಿಲ್ಲ. ಗುರಿಗೆ ಬಿದ್ದ ಬಾಣ ಹೊಸದಾಗಿ ಇರಬೇಕು ಅನ್ನೋದು ದುರಾಸೆ.

ತಕರಾರು ಇರೋದು ಹಿಂದಿನ ತುದಿಯಲ್ಲಿ. ಬಿಲ್ಲಿನ ಶೆಲ್ಫ್ (ಹಿಡಿಯ ಮೇಲಿನ ಚಿಕ್ಕ ಕಟ್ಟೆ) ಮೇಲಿಂದಲೇ ಹೊಡೆಯೋದ್ರಿಂದ ಪ್ಲಾಸ್ಟಿಕ್ ರೆಕ್ಕೆ ನಡೆಯಲ್ಲ, ಟರ್ಕಿ ಕೋಳಿಯ ಗರಿಯೇ ಬೇಕು. ಜುಲೈನಲ್ಲೊಂದು ದಿನ ಜಿಂಕೆ ಹೊಟ್ಟೆಯಿಂದ ಬಾಣ ಎಳೆದಾಗ ಒಂದು ಗರಿ ಕೈಗೇ ಬಂತು. ಗೋಂದು ಬಿಟ್ಟಿರಬೇಕು ಅಂದುಕೊಂಡು ತಿರುಗಿಸಿ ನೋಡಿದ್ರೆ, ಗರಿಯ ಬುಡಕ್ಕೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಂದು ಪೊರೆ ಅಂಟಿಕೊಂಡಿದೆ, ಅದರ ಮೇಲೆ ಮರದ ಎಳೆ ನೀಟಾಗಿದೆ. ಬಾಣದ ಮೇಲೆ ನಾಲ್ಕಿಂಚು ಉದ್ದಕ್ಕೆ ಬರೀ ಕರಿ. ಗೋಂದು ತನ್ನ ಕೆಲಸ ಮಾಡಿತ್ತು, ಕೈಕೊಟ್ಟದ್ದು ಪೊರೆ.

ಅದನ್ನು ಸರಿಮಾಡೋಕೆ ಹೋಗಿ ನಾನೇ ಇನ್ನೊಂದು ಎಡವಟ್ಟು ಮಾಡಿದೆ. ಉಳಿದ ಗೋಂದು ಒರೆಸೋಕೆ ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಗೊಂಡೆ. ಅದರಲ್ಲಿರೋದು ಅಸಿಟೋನ್. ಎರಡು ಸಲ ಒರೆಸೋಷ್ಟರಲ್ಲಿ ತೇಗ, ಬೀಟೆ ಎಲ್ಲಾ ಟಿಶ್ಯೂ ಮೇಲೆ ಕಾಫಿ ಕಲೆ ಹಾಗೆ ಬಂತು. ಈಗ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಬೇರೇನೂ ಮುಟ್ಟಿಸಲ್ಲ. ಗರಿ ಕೂರುವ ಜಾಗದಲ್ಲಿ ಪೊರೆಯನ್ನೇ ಸಣ್ಣ ಮರಳುಕಾಗದದಿಂದ ಒದ್ದೆ ಮಾಡಿ ಉಜ್ಜಿ ತೆಗೆದು, ಒಣಗಿಸಿ, ಕಾರ್ಬನ್‌ಗೇ ಅಂಟಿಸ್ತೀನಿ. ಕಾರ್ಬನ್ ಪುಡಿ ಮೂಗಿಗೆ ಹೋಗಬಾರದು, ಅದಕ್ಕೇ ಒದ್ದೆ. ಹಾಗೆ ಅಂಟಿಸಿದ ಗರಿ ಒಂದೂ ಬಿದ್ದಿಲ್ಲ.

ಅಪ್ಪನ ಅಂಚಿನ ಮಾತಿಗೆ ಬರ್ತೀನಿ. ಆರರಲ್ಲಿ ನಾಲ್ಕನ್ನು 29 ಇಂಚಿಗೆ ಕತ್ತರಿಸಿದ್ದೆ, ಎರಡನ್ನು ಹಾಗೇ ಉದ್ದ ಬಿಟ್ಟಿದ್ದೆ. ಪೊರೆ ಸುರುಳಿ ಎದ್ದದ್ದು ಕತ್ತರಿಸಿದವಕ್ಕೆ ಮಾತ್ರ, ಅದೂ ಗರಗಸ ಬಿದ್ದ ತುದಿಯಿಂದ. ಮುಂದೆ ಕತ್ತರಿಸಿದ ತಕ್ಷಣ ಆ ಅಂಚಿಗೆ ಸೂಪರ್‌ಗ್ಲೂ ಒಂದು ಹನಿ ಸವರಬೇಕು. ಹಾಟ್‌ಮೆಲ್ಟ್ (ಬಿಸಿಗೆ ಕರಗೋ ಗೋಂದು) ಹಾಕಿ ಕೂರಿಸಿದ ಮೊನೆ ಬಿಚ್ಚೋವಾಗ ಬೆಂಕಿ ಸೀದಾ ಕೊಳವೆಗೆ ಹಿಡೀಬೇಡಿ, ಹಪ್ಪಳದಂಗೆ ಗುಳ್ಳೆ ಏಳ್ತದೆ. ಮೊನೆಯನ್ನಷ್ಟೇ ಬಿಸಿ ಮಾಡಿ.

ಇದಕ್ಕಿಂತ ಮುಖ್ಯವಾದ್ದೊಂದಿದೆ. ಈ ಗೆರೆಗಳ ನಡುವೆ ಬಿರುಕು ಕಣ್ಣಿಗೆ ಬೀಳಲ್ಲ. ಕಲ್ಲಿಗೆ ತಾಗಿದ ಬಾಣವನ್ನು ಎರಡೂ ಕೈಯಲ್ಲಿ ಹಿಡಿದು, ಮುಖದಿಂದ ದೂರ ಇಟ್ಟು ಬಾಗಿಸಿ, ತಿರುಗಿಸುತ್ತಾ ಕಿವಿಗೊಡಿ. ಚಿಟಿಚಿಟಿ ಅಂದ್ರೆ ಅದು ಬಿಲ್ಲಿಗೆ ಹತ್ತಬಾರದು, ಬಿಡೋವಾಗ ಸೀಳಿದ್ರೆ ಚೂರು ಹೊಗೋದು ನಿಮ್ಮ ಎಡಗೈಗೇ. ನನ್ನ ಎರಡು ಬಾಣ ಹೀಗೇ ನಿವೃತ್ತಿಯಾದವು.

ಅಷ್ಟಾದ್ರೂ ಮತ್ತೆ ಅರ್ಧ ಡಜನ್ ಇವನ್ನೇ ತರಿಸಿದ್ದೀನಿ, ಈ ಸಲ ಗರಿ ಇಲ್ಲದ ಬರೀ ಕೊಳವೆ. ಹೆಚ್ಚಿನ 15 ಡಾಲರ್ ಪೂರ್ತಿ ಶೋಕಿಗೆ, ಅದರಲ್ಲಿ ಮುಚ್ಚುಮರೆ ಇಲ್ಲ. ವಾರಕ್ಕೆ ನಾಲ್ಕು ದಿನ ಹೊಡೆಯೋರು, ಗರಿ ಪದೇಪದೇ ಬದಲಿಸೋರು ಕರಿಯದನ್ನೇ ತಗೊಳ್ಳಿ.

ಬಿರುಕು ಬಿಟ್ಟ ಆ ಎರಡನ್ನು, ಆರು ತಿಂಗಳಿಗೆ ಅಂತ ಬಂದ ಅಮ್ಮ ಕೇಳಿ ತಗೊಂಡಳು. ಒಡೆದ ಕಡೆ ಟೇಪ್ ಸುತ್ತಿ ಕೊಟ್ಟೆ. ಹಿತ್ತಲಲ್ಲಿ ಹಾಗಲ ಬಳ್ಳಿಗೆ ಊರುಗೋಲು ಮಾಡಿದಳು. "ಮರದ್ದೇನೋ ಇದು?" "ಅಲ್ಲಮ್ಮ, ಕಾರ್ಬನ್." "ಹಂಗಾದ್ರೆ ಗೆದ್ದಲು ಹತ್ತಲ್ಲ ಬಿಡು." ಬಿಸಿಲು ಮಳೆಯಲ್ಲಿ ಒಂದು ಬೇಸಿಗೆ ಪೂರ್ತಿ ನಿಂತವು. ಬತ್ತಳಿಕೆಯಲ್ಲಿರೋ ನಾಲ್ಕಕ್ಕಿಂತ ಅವುಗಳ ಎಳೆಯೇ ಈಗ ಚೆನ್ನಾಗಿ ಕಾಣ್ತದೆ.